ಒಂದೇ ಸೂರಿನ ಸಾಲುಮನೆ

ಸರಸ್ವತಿಪುರಂ, ಮೈಸೂರು
೯ ನವೆಂಬರ್ ೧೯೬೧

ಯಜಮಾನರಿಗೆ ಶಾಂತಾದೇವಿಯ ಶರಣು.

ಮೊದಲು ಹೆಸರು ಹಿಡಿದೇ ಬರೆದೆ. ‘ಶಿವಮಲ್ಲಪ್ಪನವರೇ’ ಎಂದು ಬರೆದು ನೋಡಿದರೆ ಕಚೇರಿಯ ನೋಟೀಸಿನಂತೆ ಕಂಡಿತು, ಹಾಳೆ ಹರಿದುಹಾಕಿದೆ. ಕಚೇರಿಯ ಕಾಗದ ಬೇರೆಯಾಗಿ ಮುಂದಿನ ವಾರ ಬರುತ್ತದೆ. ಅದರಲ್ಲೇನಿದೆ ಎಂಬುದು ಅದಕ್ಕೆ ಮುಂಚೆ ನನ್ನಿಂದಲೇ ನಿಮಗೆ ತಿಳಿಯಲಿ.

ಕಾಡಿನ ಜನರಿಗೆ ಸರ್ಕಾರ ಮಾಡಿಕೊಟ್ಟ ಅನುಕೂಲಗಳು ಅವರಿಗೆ ಎಷ್ಟು ಒದಗಿದವು ಎಂದು ನೋಡುವ ಸಮಿತಿಗೆ ನನ್ನನ್ನು ಹಾಕಿದ್ದಾರೆ. ನೋಡಬೇಕಾದ ಊರುಗಳಲ್ಲಿ ನೀವು ಜೇನುಕುರುಬರಿಗೆ ಕಟ್ಟಿಸಿದ ಬಿದಿರಹಳ್ಳದ ಕಾಲೊನಿಯೂ ಇತ್ತು. ನನ್ನನ್ನು ಬಿಟ್ಟುಬಿಡಿ ಎಂದು ಅಧ್ಯಕ್ಷ ಮಹದೇವಯ್ಯನವರ ಮುಂದೆ ನಿಂತೆ. ಅವರು ನಶ್ಯ ಏರಿಸಿ, “ಗಂಡನ ಕೆಲಸಕ್ಕೆ ಹೆಂಡ್ತಿ ಮಾರ್ಕ್ಸ್ ಕೊಡೋದು ಹೊಸದೇನಮ್ಮ? ನಾನು ದೇವರಾಜ ಮಾರ್ಕೆಟ್ಟಿಂದ ತರೋ ಬದನೆಕಾಯಿಗೆ ನಮ್ಮನೇಲಿ ಇವತ್ತಿಗೂ ಸೊನ್ನೆ. ನಾನೂ ಜೊತೇಲಿ ಬರ್ತೀನಿ, ನಡಿ” ಅಂದರು. ನೀವು ಜಿಲ್ಲಾ ಮೀಟಿಂಗಿಗೆಂದು ಮೈಸೂರಿಗೆ ಬಂದ ದಿನವೇ ನಾವು ಅಲ್ಲಿಗೆ ಹೋದೆವು. ಆ ದಿನ ಆರಿಸಿದವಳು ನಾನೇ.

ನಮ್ಮಜ್ಜಿಯ ಕಥೆಗಳಲ್ಲಿ ಒಂದು ಹಾಳುಪಟ್ಟಣ ಬರುತ್ತಿತ್ತು. ಅಂಗಡಿ ತೆರೆದಿದೆ, ಒಲೆಯ ಮೇಲೆ ಎಸರಿದೆ, ನರಮನುಷ್ಯರಿಲ್ಲ. ನಿಮ್ಮ ಸಾಲುಮನೆ ಹಾಗಿತ್ತು. ಹೆಂಚು ಕೆಂಪಗೆ ಹೊಳೆಯುತ್ತಿದೆ, ಜಗುಲಿಯ ಮೇಲೆ ಮೇಕೆಗಳು ಮೆಲುಕು ಹಾಕುತ್ತಿವೆ, ಒಳಗೆ ಯಾರೂ ಇಲ್ಲ. ಆದರೆ ಬಾವಿಯ ಹಗ್ಗ ಒದ್ದೆಯಾಗಿತ್ತು. ಶಾಲೆಯಲ್ಲಿ ಮಕ್ಕಳು ಮಗ್ಗಿ ಕಿರುಚುತ್ತಿದ್ದರು. ರಾಗಿ ತೆನೆ ತೂಗುತ್ತಿತ್ತು. ನೀವು ಹಂಚಿದ ನೇಗಿಲ ಗುಳವನ್ನು ಕೆಲವರು ಗೆಣಸು ಅಗೆಯುವ ಕೋಲಿನ ತುದಿಗೆ ಹಾಕಿಕೊಂಡಿದ್ದರು. ಇದನ್ನು ಉಪಯೋಗ ಅನ್ನಬೇಕೋ ದುರುಪಯೋಗ ಅನ್ನಬೇಕೋ ಎಂದು ಮಹದೇವಯ್ಯನವರು ಚಿಂತಿಸಿದರು. ಬೇಯಿಸಿದ ಗೆಣಸು ತಿಂದ ಮೇಲೆ ಉಪಯೋಗ ಎಂದು ತೀರ್ಮಾನವಾಯಿತು.

ಬಿದಿರ ಮೆಳೆಯ ಆಚೆ ಹೊಗೆ ಏಳುತ್ತಿತ್ತು. ಜನರೆಲ್ಲ ಅಲ್ಲಿ ಹುಲ್ಲಿನ ಗುಡಿಸಲು ಹಾಕಿಕೊಂಡಿದ್ದಾರೆ, ಒಂದು ಕೂಗಳತೆಯ ದೂರದಲ್ಲಿ. ಓಡಿಹೋಗುವವರು ಕೂಗಿದರೆ ಕೇಳಿಸುವಷ್ಟು ಹತ್ತಿರ ನಿಲ್ಲುತ್ತಾರೆಯೇ?

ನೀವು ಇಲಾಖೆಗೆ ಬರೆದದ್ದನ್ನು ಓದಿದೆ. “ಹೆಂಚಿನ ಮನೆ ಕೊಟ್ಟರೂ ಬಿಟ್ಟುಹೋದವರಿಗೆ ಇನ್ನೇನು ಕೊಡುವುದು? ಕಾಲೊನಿ ಮುಚ್ಚುವುದು ಲೇಸು.” ಮುಚ್ಚಿದರೆ ಶಾಲೆ ಹೋಗುತ್ತದೆ. ಅವರು ಉತ್ತ ಭೂಮಿಯೂ ಹೋಗುತ್ತದೆ. ಮೇಲಿನವರಿಗೂ ಮುಚ್ಚುವ ಆತುರವಿದೆ. ಆದರೆ ಆ ಮೊದಲ ಸಾಲನ್ನು ನೀವು ಅವರನ್ನಷ್ಟೇ ನೆನೆದು ಬರೆದಿರಾ ಎಂದು ನನಗೆ ಅನುಮಾನ.

ಹಾಡಿಯ ಯಜಮಾನ ಕಾಳಯ್ಯನನ್ನು ಕೇಳಿದೆ. “ಮೂಲೆ ಮನೇಲಿ ನಮ್ ದೊಡ್ಡವ್ವ ಸತ್ಲು. ಸಾವಾದ ಮನೇಲಿ ಇರ್ತಾರಾ ಅವ್ವಾ? ಬುಟ್ವಿ” ಅಂದ. ಅದು ಒಂದು ಮನೆಯ ಮಾತಾಯಿತು, ಮಿಕ್ಕವರು ಏಕೆ ಬಿಟ್ಟಿರಿ ಎಂದೆ. ಅವನು ಮೇಲೆ ಕೈತೋರಿಸಿದ. “ಈ ತುದಿಯಿಂದ ಆ ತುದಿಗಂಟ ಒಂದೇ ಸೂರು. ಬಾಗ್ಲು ಎಷ್ಟಿದ್ರೇನು, ಮನೆ ಒಂದೇ ತಾನೆ?”

ಅವನ ಹೆಂಡತಿ ಬೊಮ್ಮಿ ಎರಡು ಮನೆಗೂ ಸೇರಿದ ನಡುವಿನ ಒಂದೇ ಗೋಡೆಯನ್ನು ತಟ್ಟಿದಳು. “ನಿನ್ ಗಂಡ ಗೋಡೆ ಉಳ್ಸಕ್ಕೋಗಿ ಮನೆ ಕಳ್ಕಂಡ ಕಣವ್ವ!” ಅಂದಳು. ಮಹದೇವಯ್ಯನವರು ನಕ್ಕ ನಗೆಗೆ ಮೇಕೆಗಳು ಎದ್ದು ಓಡಿದವು. ನಾನೂ ನಕ್ಕೆ. ನಗು ನಿಂತ ಮೇಲೆ ಬೊಮ್ಮಿ ನನ್ನ ಕೈ ಹಿಡಿದು ಮೆಲ್ಲಗೆ, “ನೀನು ಕೂಸು ಹೋದ ಮನೆ ಬುಟ್ಟು ಬಸ್ ಹತ್ದಾಗ ನಾವೆಲ್ಲ ಸರಿ ಅಂದ್ವಿ. ನಿಮ್ಮೋರು ಏನಂದ್ರು?” ಎಂದು ಕೇಳಿದಳು.

ನಮ್ಮವರು ಏನೆಂದರು ಎಂಬುದು ನಿಮಗೆ ಗೊತ್ತು. ನಮ್ಮ ನೀಲ ಹೋದ ಮೇಲೆ ಬಿದಿರಹಳ್ಳದ ಆ ಕ್ವಾರ್ಟರ್ಸಿನಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ನೀವು, “ಮನೆ ಏನ್ ಮಾಡ್ತು ಶಾಂತಾ? ಜ್ವರ ಬಂದದ್ದು ಗೋಡೆಗಾ?” ಎಂದಿರಿ. ಆಗ ಪೆಟ್ಟಿಗೆ ಕಟ್ಟಿ ಬಸ್ಸು ಹತ್ತಿದೆ. ಈಗ ಉತ್ತರ ಇದೆ. ಬಿಟ್ಟು ಹೋಗುವವರು ಗೋಡೆಯ ಮೇಲೆ ತಪ್ಪು ಹೊರಿಸುವುದಿಲ್ಲ. ಮನೆಯನ್ನು ಹೋದವರಿಗೆ ಬಿಟ್ಟುಕೊಟ್ಟು, ಇರುವವರು ಹತ್ತಿರದಲ್ಲೇ ಇನ್ನೊಂದು ಒಲೆ ಹೂಡುತ್ತಾರೆ. ಅಷ್ಟೇ.

ನಮ್ಮ ವರದಿ ಹೀಗಿರುತ್ತದೆ: ಬಾವಿ, ಶಾಲೆ, ಹೊಲ ಗೆದ್ದಿವೆ, ಆ ಕೀರ್ತಿ ನಿಮ್ಮದು. ಸಾಲುಮನೆ ಸೋತಿದೆ. ಇನ್ನು ಮುಂದೆ ಬಿಡಿಬಿಡಿ ಮನೆಗಳಾಗಲಿ, ಅವರೇ ಕಟ್ಟಿಕೊಳ್ಳಲಿ. ಒಂದನ್ನು ಬಿಟ್ಟರೆ ಅದೇ ಭೂಮಿಯಲ್ಲಿ ಇನ್ನೊಂದು ಕಟ್ಟಲಿ, ಹಕ್ಕು ಮಾತ್ರ ಹೋಗಬಾರದು. ಇದರ ಕೆಳಗೆ, ತಪ್ಪು ಜನರದ್ದಲ್ಲ, ಸೂರಿನದು ಎಂದು ಕಾಲೊನಿಯ ಅಧಿಕಾರಿಯಾಗಿ ನೀವು ಸಹಿ ಹಾಕಬೇಕು. ಹಾಕದಿದ್ದರೆ ನಿಮ್ಮ ಮೊದಲಿನ ಮಾತೇ ನಿಲ್ಲುತ್ತದೆ, ಬಿದಿರಹಳ್ಳ ಮುಚ್ಚುತ್ತದೆ.

ಹಾಕುತ್ತೀರಿ. ಮೊದಲು ತೋಡಿಸಿದ ಬಾವಿಯಲ್ಲಿ ನೀರು ಬರದಾಗ ಊರೆಲ್ಲ ನಕ್ಕರೂ, ಪಂಚೆ ಎತ್ತಿಕಟ್ಟಿ ಇನ್ನೊಂದು ಕಡೆ ಗುದ್ದಲಿ ಹಾಕಿದವರು ನೀವು. ಆ ಮನುಷ್ಯನನ್ನು ನಾನು ಚೆನ್ನಾಗಿ ಬಲ್ಲೆ.

ಇನ್ನೊಂದು ಮಾತು. ಇಲ್ಲಿ ಮಂಗಳಮ್ಮ ಎಂಬ ಪುಣ್ಯಾತ್ಗಿತ್ತಿಯ ಹಿತ್ತಿಲಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೇನೆ. ಹೊಸದು, ಇನ್ನೂ ಸುಣ್ಣದ ವಾಸನೆ ಹೋಗಿಲ್ಲ. ಒಳಗೆ ಹೋದವಳೇ ತಲೆಯೆತ್ತಿ ನೋಡಿದೆ. ಅದರ ಸೂರು ಅದಕ್ಕೇ, ಪಕ್ಕದ ಮನೆಗೆ ಸೇರಿಲ್ಲ. ಸಹಿ ಹಾಕಿದ ಕಾಗದವನ್ನು ಅಂಚೆಗೆ ಹಾಕಬೇಡಿ. ಮುಂದಿನ ವಾರದ ಶನಿವಾರ ಬಸ್ಸಿಗೆ ನೀವೇ ತನ್ನಿ. ಸಾರಿಗೆ ಬದನೆಕಾಯಿ ನಾನೇ ಆರಿಸಿರುತ್ತೇನೆ.

ನಿಮ್ಮ
ಶಾಂತಾ

ಮರೆತಿದ್ದೆ: ಹೊರಡುವ ಮುಂಚೆ ನಮ್ಮ ಕ್ವಾರ್ಟರ್ಸಿನ ತನಕ ನಡೆದುಹೋಗಿದ್ದೆ. ಚಿಲಕಕ್ಕೆ ಜೇಡ ಬಲೆ ಕಟ್ಟಿತ್ತು. ಕಾಳಯ್ಯ ಹಲ್ಲು ಬಿಟ್ಟುಕೊಂಡು, “ನೀವು ಹೋದಾಗ್ಲಿಂದ ಸಾಯೇಬ್ರು ಮಲಗೋದು ಇಸ್ಕೂಲ್ ಜಗುಲೀಲಿ. ಯಾರ್ಗೂ ಹೇಳ್ಬ್ಯಾಡ ಅಂದವ್ರೆ” ಎಂದ. ಇದನ್ನು ವರದಿಯಲ್ಲಿ ಬರೆಯುವುದಿಲ್ಲ. ಬರುವಾಗ ಆ ಹಾಸಿಗೆಯನ್ನೂ ಸುತ್ತಿಕೊಂಡು ಬನ್ನಿ.