ಹಂಪಮ್ಮನಿಗೆ ಬೇಡವಾದ ಕೆಂಪು ಗೆರೆ

ಜನವರಿ ೧೧, ಭಾನುವಾರ. ಕಂಪ್ಲಿ.

ಹಂಪಮ್ಮನವರ ಮಾತು ಇನ್ನೂ ಕಿವಿಯಲ್ಲೇ ಇದೆ.

ಸೇನೆಯಲ್ಲಿದ್ದಾಗ ತೀರಿಕೊಂಡವರ ಮನೆಯವರಿಗೆ ಗಣರಾಜ್ಯೋತ್ಸವದಂದು ಹೊದಿಸಲು ಹನ್ನೆರಡು ಚೌಕಳಿ ಶಾಲು ನೇಯುತ್ತಿದ್ದೇನೆ. ವಿನ್ಯಾಸ ನನ್ನದೇ: ಹಸಿರು ಸೇನೆಗೆ, ಮಣ್ಣಿನ ಬಣ್ಣ ನಮ್ಮ ಊರುಗಳಿಗೆ, ಕೆಂಪು ಗೆರೆ ಯುದ್ಧದಲ್ಲಿ ಮಡಿದವರಿಗೆ. ಕೆಂಪನ್ನು ಅಡ್ಡ ಎಳೆಯಲ್ಲಿ, ಹೊಕ್ಕಿನಲ್ಲಿ, ಇಟ್ಟಿದ್ದರೆ ಬೇಕಾದ ಶಾಲಿಗೆ ಮಾತ್ರ ನೇಯಬಹುದಿತ್ತು. ಯಾರಿಗೂ ಕಮ್ಮಿಯಾಗದಿರಲಿ ಎಂದು ಹನ್ನೆರಡಕ್ಕೂ ಒಂದೇ ಆಗಿ ಹೂಡುವ ಉದ್ದದ ಎಳೆಗಳಲ್ಲೇ, ಹಾಸಿನಲ್ಲೇ, ಇಟ್ಟೆ, ಎಲ್ಲಕ್ಕೂ ಬರಲಿ ಎಂದು. ಭಾರಿ ಜಾಣೆ ನಾನು!

ಇವತ್ತು ಮೆಟ್ರಿಗೆ ಹೋಗಿ ಹಂಪಮ್ಮನವರಿಗೆ ಮಾದರಿ ತೋರಿಸಿದೆ. ಅವರ ಮಗ ಕೊಟ್ರೇಶ ಸೇನೆಯ ಲಾರಿ ಉರುಳಿ ಹೋದವನು. ಕೆಂಪಿನ ಅರ್ಥ ಕೇಳಿದವರೇ ಶಾಲು ಮಡಿಸಿ ನನ್ನ ಕೈಗಿಟ್ಟರು.

“ನನ್ನ ಮಗ ಗುಂಡಿಗೆ ಸತ್ತಿಲ್ಲ ಯವ್ವಾ, ಗಾಡಿ ಬಿದ್ದು ಸತ್ತ. ಅವ ಎಂದೂ ಸುಳ್ಳು ಹೇಳ್ದಾವ ಅಲ್ಲ. ಅವನ ಹೆಸರಿಲೆ ನಾ ಸುಳ್ಳು ಹೊದ್ಕೊಂಡು ಕುಂದ್ರಲೇನು? ನನ್ನ ಶಾಲಿಗೆ ಆ ಕೆಂಪೊಂದು ಬ್ಯಾಡ.”

ಹಾಸು ಆಗಲೇ ಮಗ್ಗ ಏರಿದೆ. ಒಂದೇ ಶಾಲಿಗೆ ಬೇರೆ ಹಾಸು ಹೂಡಲು ದಿನಗಳಿಲ್ಲ. ಅದನ್ನು ಹೇಳದೆ “ಆತು ಬಿಡ್ರಿ” ಎಂದು ಬಂದುಬಿಟ್ಟೆ.

ಈಗ ಮಾದರಿಯಿಂದ ಕೆಂಪು ಎಳೆಗಳನ್ನು ಸೂಜಿಯಲ್ಲಿ ಒಂದೊಂದಾಗಿ ಎಳೆದು ತೆಗೆದೆ. ಅಲ್ಲಿ ಬರೀ ಹೊಕ್ಕು ಉಳಿದಿದೆ. ದೀಪಕ್ಕೆ ಹಿಡಿದರೆ ಬೆಳಕು ತೂರಿ ಬರುತ್ತದೆ. ಕೆಂಪಿದ್ದಾಗ ಆ ಗೆರೆ ಇಷ್ಟು ಎದ್ದು ಕಾಣುತ್ತಿರಲಿಲ್ಲ. ಉಳಿದ ಹನ್ನೊಂದು ಜನರ ನಡುವೆ ಹಂಪಮ್ಮನವರು ಇದನ್ನು ಹೊದ್ದು ಕೂತರೆ, ಎಲ್ಲರ ಕಣ್ಣೂ ಮೊದಲು ಹೋಗುವುದು ಈ ಖಾಲಿ ಗೆರೆಗೇ.