ನೂರಹನ್ನೆರಡನೆಯ ಮನೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.40

ಎರಡನೇ ಮನೆ. ಸಿಸ್ಟರ್ ರಕ್ತ ತೆಗೆಯಲು ಒಳಗೆ ಹೋಗಿ ಎಂಟು ನಿಮಿಷ. ಈ ಮನೆಯ ಅಜ್ಜನ ಕೈಯಲ್ಲಿ ನರ ಬೇಗ ಸಿಗುವುದಿಲ್ಲ, ಇನ್ನೂ ಹತ್ತು ನಿಮಿಷವಾದೀತು. ವ್ಯಾನಿನಲ್ಲಿ ಕೂತು ಬರೆಯುತ್ತಿದ್ದೇನೆ, ಎಂದಿನಂತೆ.

ಇವತ್ತಿನಿಂದ ವ್ಯಾನಿಗೆ ಹೊಸ ಪ್ರಾಣಿ ಬಂದಿದೆ. ದಾರಿ ಹೇಳುವ ಯಂತ್ರ. ಲ್ಯಾಬ್ ಮ್ಯಾನೇಜರ್ ಖುದ್ದಾಗಿ ಬಂದು ಮುಂದಿನ ಗಾಜಿಗೆ ಅಂಟಿಸಿ ಹೋದ. ಅಂಗೈಯಗಲ ಇದೆ. ಹೆಂಗಸಿನ ದನಿ. ಅದೂ ಎಂಥ ಕನ್ನಡ... "ಇನ್ನೂರು ಮೀಟರ್‌ಗಳ ನಂತರ ಎಡಕ್ಕೆ ತಿರುಗಿರಿ." ತಿರುಗಿರಿ ಅಂತೆ. ಹನ್ನೊಂದು ವರ್ಷದಿಂದ ದಿನಾ ಅಲ್ಲೇ ತಿರುಗುತ್ತಿರುವವನಿಗೆ.

ಸಿಸ್ಟರ್‌ಗೆ ಭಾರಿ ಖುಷಿ. "ಎಷ್ಟು ಮರ್ಯಾದೆಯಿಂದ ಮಾತಾಡ್ತಾಳೆ ನೋಡಿ," ಅಂದರು.

"ನಾನೇನು ಮರ್ಯಾದೆ ಬಿಟ್ಟು ಮಾತಾಡ್ತೀನಾ?"

"ನೀವು ಮಾತಾಡೋದೇ ಇಲ್ವಲ್ಲ. ಬರೀ ಹಾರ್ನ್ ಹೊಡೀತೀರಿ."

ಬಂದ ಒಂದು ಗಂಟೆಯಲ್ಲೇ ಅದು "ಅವಳು" ಆಗಿಬಿಟ್ಟಿದೆ.

ಮಾರ್ಚ್ 5, ಬುಧವಾರ. ಬೆಳಿಗ್ಗೆ 8.15

ಏಳನೇ ಮನೆ. ಇಷ್ಟು ಹೊತ್ತಾದರೂ ಸಿಸ್ಟರ್ ಒಂದು ಸಲವೂ "ಮುಂದೆ ಯಾರ ಮನೆ?" ಎಂದು ನನ್ನನ್ನು ಕೇಳಿಲ್ಲ. ಕೇಳುವ ಅಗತ್ಯವೂ ಇಲ್ಲ. ಪರದೆಯ ಮೇಲೆ ಹೆಸರು ಬರುತ್ತದೆ.

ಹನ್ನೊಂದು ವರ್ಷ ನನ್ನ ಪಕ್ಕ ಕೂತರೂ ಅವರಿಗೆ ಈ ಊರಿನ ಒಂದು ದಾರಿಯೂ ಗೊತ್ತಿಲ್ಲ. ಹತ್ತಿದ ಕೂಡಲೇ ತಲೆ ಬಗ್ಗಿಸಿ ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸಲು ಶುರು. ವ್ಯಾನ್ ನಿಂತ ಮೇಲೆಯೇ ತಲೆ ಎತ್ತುವುದು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಬೆಲ್ ಕೆಟ್ಟಿದೆ, ಯಾವ ಅಜ್ಜಿಯನ್ನು ಹಿಂದಿನ ಕಿಟಕಿಯಿಂದ ಕೂಗಬೇಕು, ಎಲ್ಲ ನನ್ನ ತಲೆಯಲ್ಲಿ. ಅದರ ಬಗ್ಗೆ ನನಗೆ ಒಂದಿಷ್ಟು ಜಂಬವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಈಗಷ್ಟೇ ಇಳಿಯುವಾಗ ಯಂತ್ರಕ್ಕೆ "ಥ್ಯಾಂಕ್ಸ್ ಕಣಮ್ಮ" ಅಂದರು. ನನಗೆ ಯಾವತ್ತಾದರೂ ಅಂದದ್ದಿದೆಯಾ? ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ.

ಮಾರ್ಚ್ 6. ಸಂಜೆ

ಅಕ್ಕನ ಹತ್ತಿರ ಬಾಯಿ ಬಿಟ್ಟದ್ದೇ ತಪ್ಪು. ಅವಳ ಮನೆಯಲ್ಲಿದ್ದುಕೊಂಡು ಅವಳಿಂದ ಏನನ್ನು ಮುಚ್ಚಿಡಲಿ.

"ಮಿಷಿನ್ ಮೇಲೆ ಹೊಟ್ಟೆಕಿಚ್ಚು ಪಡೋ ಗಂಡಸನ್ನ ಇವತ್ತೇ ನೋಡಿದ್ದು," ಅಂದಳು.

ಹೊಟ್ಟೆಕಿಚ್ಚಲ್ಲ, ಕೆಲಸದ ಪ್ರಶ್ನೆ ಅಂದೆ.

"ಯಾವ ಕೆಲಸ? ಸಿಸ್ಟರ್ ಪಕ್ಕ ಕೂರೋದಾ?"

ಅರ್ಧ ಊಟದಲ್ಲೇ ಎದ್ದು ಕೈ ತೊಳೆದುಕೊಂಡೆ. ತಟ್ಟೆಯಲ್ಲಿ ಉಳಿದದ್ದನ್ನು ನಾಳೆ ನಿನಗೇ ಬಡಿಸುತ್ತೇನೆ ಎಂದು ಒಳಗಿನಿಂದ ಕೂಗಿದಳು.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 9.30

ಯಂತ್ರ ಹೇಳಿದ ಕಡೆ ಬೇಕೆಂದೇ ತಿರುಗಲಿಲ್ಲ. ಮಾರ್ಕೆಟ್ ಹಿಂದಿನ ಗಲ್ಲಿ ಹಿಡಿದೆ, ಆರು ನಿಮಿಷ ಉಳಿಯುತ್ತದೆ. ಯಂತ್ರಕ್ಕೆ ಸಿಟ್ಟೇ ಬರುವುದಿಲ್ಲ. "ಮಾರ್ಗವನ್ನು ಪುನಃ ಪರಿಶೀಲಿಸಲಾಗುತ್ತಿದೆ." ನಾಲ್ಕು ಸಲ, ಒಂದೇ ದನಿಯಲ್ಲಿ. ಗಲ್ಲಿಯ ನಡುವೆ ಸಿಮೆಂಟ್ ಲಾರಿ ಅಡ್ಡ ನಿಂತಿತ್ತು. ಹಿಂದಕ್ಕೂ ಹೋಗುವಂತಿಲ್ಲ. ಹನ್ನೆರಡು ನಿಮಿಷ ಹಾಳು.

ಸಿಸ್ಟರ್ ಯಂತ್ರದ ಕಡೆ ನೋಡಿ ಮೆಲ್ಲಗೆ ನಕ್ಕರು. ಇಬ್ಬರೂ ಸೇರಿ ನನ್ನನ್ನು ಆಡಿಕೊಂಡ ಹಾಗಿತ್ತು.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ

ಮ್ಯಾನೇಜರ್ ಕರೆಸಿದ. ಮುಖದ ತುಂಬ ನಗು. ಆಗಲೇ ಅನುಮಾನ ಬಂತು.

"ದಾರಿ ಈಗ ಯಾರಿಗೆ ಬೇಕಾದ್ರೂ ಗೊತ್ತಾಗುತ್ತೆ. ನೀವು ಸೀನಿಯರ್. ಎರಡನೇ ವ್ಯಾನಿಗೆ ಬನ್ನಿ. ಕಲೆಕ್ಷನ್ ಸೆಂಟರ್‌ಗಳಿಂದ ಸ್ಯಾಂಪಲ್ ಬಾಕ್ಸ್ ತಂದ್ರೆ ಆಯ್ತು. ಡ್ಯೂಟಿ ಎಂಟಕ್ಕೆ. ಬೆಳಿಗ್ಗೆ ಬೇಗ ಏಳೋ ಕಷ್ಟ ಇಲ್ಲ."

ಆ ಕಷ್ಟ ಯಾರಿಗಿತ್ತು?

ನನ್ನ ಜಾಗಕ್ಕೆ ಬರುವವನು ಅಲ್ಲೇ ಕೂತಿದ್ದ. ಬೇರೆ ಊರಿನವನು. ಇಲ್ಲಿ ಬಸ್ ಸ್ಟ್ಯಾಂಡ್ ಎಲ್ಲಿದೆ ಎಂದೂ ಗೊತ್ತಿಲ್ಲ. ಮೂರು ತಿಂಗಳ ಟ್ರಯಲ್. ನಲವತ್ತರ ಮೇಲಾಗಿದೆ, ಅಂಗಿಯ ಮಡಿಕೆ ಮುಟ್ಟಿದರೆ ಕೈ ಕೊಯ್ಯಬೇಕು. ಕರವಸ್ತ್ರಕ್ಕೂ ಇಸ್ತ್ರಿ. ಹೆಸರು ಹೇಳಿದ. ನಾನು ಇಸ್ತ್ರಿ ಎಂದೇ ಬರೆಯುತ್ತೇನೆ.

ಇನ್ನೊಂದು ಉಪಕಾರ ಆಗಬೇಕಂತೆ. ಕಾಯಂ ಗಿರಾಕಿಗಳ ಮನೆ ನೂರಹನ್ನೆರಡು. ಯಂತ್ರ ಕೆಲವನ್ನು ತಪ್ಪು ತೋರಿಸುತ್ತದೆ. ಭಾನುವಾರ ಕೂತು ಎಲ್ಲ ಸರಿಪಡಿಸಿ ಕೊಡಬೇಕಂತೆ, ನನ್ನಷ್ಟು ಗೊತ್ತಿರುವವರು ಬೇರೆ ಯಾರೂ ಇಲ್ಲವಂತೆ.

ಸಿಸ್ಟರ್‌ಗೆ ಹೇಳಿದೆ. "ಒಳ್ಳೇದಾಯ್ತು ಬಿಡಿ. ನಿಮಗೂ ವಯಸ್ಸಾಯ್ತು, ಸ್ವಲ್ಪ ನಿದ್ದೆ ಮಾಡಿ," ಅಂದರು. ನಿಜವಾಗಿ ನನ್ನ ಮೇಲಿನ ಕಾಳಜಿಯಿಂದಲೇ ಅಂದದ್ದು. ಅದಕ್ಕೇ ಹೆಚ್ಚು ಉರಿಯಿತು.

ಮಾರ್ಚ್ 16, ಭಾನುವಾರ. ಸಂಜೆ 4.30

ಒಂಬತ್ತರಿಂದ ನಾಲ್ಕರವರೆಗೆ ಲ್ಯಾಬಿನ ಅಂಗಳದಲ್ಲಿ, ವ್ಯಾನಿನೊಳಗೆ. ಹೆಸರು ಒತ್ತಿದರೆ ನಕ್ಷೆಯ ಮೇಲೆ ಕೆಂಪು ಚುಕ್ಕಿ. ತಪ್ಪಿದ್ದರೆ ಬೆರಳಿನಿಂದ ಎಳೆದು ಸರಿಯಾದ ಬಾಗಿಲಿಗೆ ತರಬೇಕು. ನನ್ನ ಹನ್ನೊಂದು ವರ್ಷವನ್ನು ನಾನೇ ತುತ್ತು ಮಾಡಿ ಅದರ ಬಾಯಿಗಿಟ್ಟೆ.

ನೂರಹನ್ನೊಂದು ಮನೆ ಮುಗಿಯಿತು. ಕೊನೆಯದು ಟೀಚರಮ್ಮನದು. ರಿಟೈರ್ ಆದವರು, ಒಬ್ಬರೇ ಇದ್ದಾರೆ, ಸಕ್ಕರೆ ಕಾಯಿಲೆ. ತಿಂಗಳ ನಾಲ್ಕನೇ ಬುಧವಾರ, ದಿನದ ಮೊದಲ ಮನೆ, ಆರೂ ಹತ್ತಕ್ಕೆ. ಯಂತ್ರ ಅವರ ಚುಕ್ಕಿಯನ್ನು ರೈಲು ಹಳಿಯ ಆಚೆ ಬದಿಗೆ ಇಟ್ಟಿತ್ತು. ಅಲ್ಲಿ ನಿಂತರೆ ಅವರ ಗೇಟು ಕಾಣುತ್ತದೆ, ಆದರೆ ನಡುವೆ ಹಳಿ, ತಂತಿ ಬೇಲಿ. ಸುತ್ತಿ ಬರಲು ಇಪ್ಪತ್ತೈದು ನಿಮಿಷ. ಸರಿಯಾದ ದಾರಿ ಮರದ ಡಿಪೋದ ಹತ್ತಿರ ಎಡಕ್ಕೆ, ಯಂತ್ರ ಬಲಕ್ಕೆ ಕಳಿಸುತ್ತದೆ.

ಬೆರಳು ಪರದೆಯ ಮೇಲಿತ್ತು. ಎಳೆಯಲಿಲ್ಲ. ಚುಕ್ಕಿಯನ್ನು ಅಲ್ಲೇ ಬಿಟ್ಟೆ.

ತಪ್ಪು ಮಾಡಿಲ್ಲ. ಸರಿ ಮಾಡಲಿಲ್ಲ, ಅಷ್ಟೆ.

ಇಸ್ತ್ರಿ ಬೇಲಿಯ ಮುಂದೆ ಬೆಪ್ಪನಂತೆ ನಿಲ್ಲಲಿ. ಸಿಸ್ಟರ್ ತಲೆ ಎತ್ತಿ ನೋಡಲಿ. ನನಗೆ ಫೋನ್ ಮಾಡಿ "ಟೀಚರಮ್ಮನ ಮನೆ ಎಲ್ಲಿ?" ಎಂದು ಒಂದೇ ಒಂದು ಸಲ ಕೇಳಲಿ. ಎರಡು ನಿಮಿಷದಲ್ಲಿ ದಾರಿ ಹೇಳುತ್ತೇನೆ. ಮ್ಯಾನೇಜರ್‌ಗೆ ನೂರಹನ್ನೆರಡೂ ಆಯಿತು ಎಂದು ಹೇಳಿ ಬಂದೆ.

ಮಾರ್ಚ್ 19, ಬುಧವಾರ

ಎರಡನೇ ವ್ಯಾನು. ಹಿಂದೆ ಆರು ಬಾಕ್ಸ್. ಪಕ್ಕದ ಸೀಟು ಖಾಲಿ. ಸಿಗ್ನಲ್‌ನಲ್ಲಿ ಮೊದಲನೇ ವ್ಯಾನ್ ನನ್ನ ಎಡಕ್ಕೇ ಬಂದು ನಿಂತಿತು. ಸಿಸ್ಟರ್ ತಲೆ ಬಗ್ಗಿಸಿರಲಿಲ್ಲ. ಇಸ್ತ್ರಿ ಏನೋ ಹೇಳುತ್ತಿದ್ದ, ಅವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಟ್ಯೂಬು ಹಾಗೇ ಮಡಿಲಲ್ಲಿತ್ತು. ನನ್ನನ್ನು ನೋಡಿ ಇಬ್ಬರೂ ಕೈ ಬೀಸಿದರು. ನಾನು ಕನ್ನಡಿ ಸರಿಪಡಿಸಿಕೊಂಡೆ. ಹಸಿರು ಬಿದ್ದದ್ದು ಹಿಂದಿನವನು ಬೈದ ಮೇಲೆ ಗೊತ್ತಾಯಿತು.

ಮಾರ್ಚ್ 22, ಶನಿವಾರ

ಇಸ್ತ್ರಿ ಫ್ಲಾಸ್ಕ್ ತರುತ್ತಾನಂತೆ. ಐದನೇ ಮನೆ ಆದ ಮೇಲೆ ಇಬ್ಬರೂ ಟೀ ಕುಡಿಯುತ್ತಾರಂತೆ. ಐದನೇ ಮನೆ ಆದ ಮೇಲೆ ಟೀ ಕುಡಿಯುವುದು ನಮ್ಮ ಪದ್ಧತಿ. ಅದನ್ನು ಅವನಿಗೆ ಹೇಳಿಕೊಟ್ಟವರು ಯಾರು? ಸಿಸ್ಟರೇ ಇರಬೇಕು.

ಸರಿ, ಹೊಟ್ಟೆಕಿಚ್ಚೇ. ಇಲ್ಲಿ ಓದುವವರು ಯಾರಿದ್ದಾರೆ, ಬರೆದುಬಿಡುತ್ತೇನೆ. ಯಂತ್ರದ ಮೇಲೆ, ಇಸ್ತ್ರಿಯ ಮೇಲೆ, ಅವನ ಫ್ಲಾಸ್ಕ್ ಮೇಲೂ. ಮದುವೆ ಗಿದುವೆ ಎನ್ನುವ ವಯಸ್ಸು ದಾಟಿ ಯಾವ ಕಾಲವಾಯಿತು. ಸಿಸ್ಟರ್‌ಗೂ ಗಂಡ ತೀರಿಕೊಂಡು ಹದಿನೈದು ವರ್ಷ. ಒಂದು ದಿನವೂ ಒಂದು ಅಡ್ಡಮಾತು ಆಡಿದವನಲ್ಲ ನಾನು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಒಬ್ಬ ಹೆಂಗಸು ಪಕ್ಕದಲ್ಲಿ ಕೂತು "ಮುಂದೆ ಯಾರ ಮನೆ?" ಎಂದು ಕೇಳುತ್ತಿದ್ದಳು. ನನ್ನ ಸಂಸಾರ ಅಂತ ಇದ್ದದ್ದು ಅಷ್ಟೇ.

ಬುಧವಾರಕ್ಕೆ ಇನ್ನು ನಾಲ್ಕು ದಿನ.

ಮಾರ್ಚ್ 26, ಬುಧವಾರ. ಬೆಳಿಗ್ಗೆ 6.15

ಐದಕ್ಕೇ ಎದ್ದೆ. ಮುಖ ತೊಳೆದು, ತಲೆ ಬಾಚಿ ಕೂತಿದ್ದೇನೆ, ಫೋನಿನಲ್ಲಿ ಮುಖ ಕಾಣುವ ಹಾಗೆ. ಈಗ ಬೇಲಿಯ ಹತ್ತಿರ ನಿಂತಿರಬೇಕು.

6.24

ಬಂತು. ಸಿಸ್ಟರ್. ರಿಂಗ್ ಆಗುತ್ತಿದೆ. ತಕ್ಷಣ ಎತ್ತಿದರೆ ಕಾಯುತ್ತ ಕೂತಿದ್ದೆ ಎಂದು ಗೊತ್ತಾಗಿಬಿಡುತ್ತದೆ.

6.26

ಮತ್ತೆ. ಮೂರನೇ ಸಲ ಎತ್ತುತ್ತೇನೆ. ಹತ್ತು ದಿನ ನಾನು ಕಾದಿಲ್ಲವೇ.

6.45

ಮೂರನೆಯದು ಬರಲಿಲ್ಲ. ನಾನೇ ಮಾಡಿದೆ. ಎತ್ತುತ್ತಿಲ್ಲ.

ಮಧ್ಯಾಹ್ನ 2.00

ಟೀಚರಮ್ಮ ಬಿದ್ದರು.

ವ್ಯಾನ್ ಹಳಿಯ ಆಚೆ ನಿಂತದ್ದು ಅವರಿಗೆ ಕಿಟಕಿಯಿಂದ ಕಂಡಿತಂತೆ. ಕೈ ಬೀಸಿ ಕರೆಯಲು ಗೇಟಿಗೆ ಬಂದರಂತೆ. ರಾತ್ರಿ ಇನ್ಸುಲಿನ್ ಹಾಕಿಕೊಂಡವರು, ಬೆಳಿಗ್ಗೆ ಖಾಲಿ ಹೊಟ್ಟೆ. ತಡವಾದರೆ ಸಕ್ಕರೆ ಇಳಿಯುತ್ತದೆ ಎಂದು ಸಿಸ್ಟರ್ ನನಗೆ ನೂರು ಸಲ ಹೇಳಿದ್ದಾರೆ. ಅದಕ್ಕೇ ಅವರು ಮೊದಲ ಮನೆ. ಅದು ನನಗೆ ಗೊತ್ತಿತ್ತು. ಹದಿನಾರನೇ ತಾರೀಖಿನಂದೂ ಗೊತ್ತಿತ್ತು.

ಕಣ್ಣೆದುರಿಗೇ ಕುಸಿದರಂತೆ. ಸಿಸ್ಟರ್ ತಂತಿ ಬೇಲಿ ನುಸುಳಿ, ಹಳಿ ದಾಟಿ ಓಡಿ, ಬಾಯಿಗೆ ಗ್ಲೂಕೋಸ್ ಹಾಕಿದರಂತೆ. ಇಸ್ತ್ರಿ ಸುತ್ತಿ ಬಂದು ಆಸ್ಪತ್ರೆಗೆ ಸೇರಿಸಿದ. ಎಡಗೈ ಮುರಿದಿದೆ, ಹಣೆಗೆ ನಾಲ್ಕು ಹೊಲಿಗೆ. ಜೀವಕ್ಕೆ ಅಪಾಯವಿಲ್ಲ.

ಹನ್ನೆರಡು ಗಂಟೆಗೆ ವ್ಯಾನ್ ಅಂಗಳಕ್ಕೆ ಬಂತು. ಸಿಸ್ಟರ್ ಇಳಿದರು. ಬಿಳಿ ಕೋಟಿನ ತೋಳು ಹರಿದು ನೇತಾಡುತ್ತಿತ್ತು. ನನ್ನ ಕಡೆ ನೋಡಲೂ ಇಲ್ಲ. ಇಬ್ಬರೂ ಮ್ಯಾನೇಜರ್ ರೂಮಿಗೆ ಹೋದರು. ಕೀ ವ್ಯಾನಿನಲ್ಲೇ ಇತ್ತು.

ಹತ್ತಿ ಕೂತೆ. ಟೀಚರಮ್ಮನ ಚುಕ್ಕಿಯನ್ನು ಎಳೆದು ಸರಿಯಾದ ಗೇಟಿಗೆ ತಂದಿಟ್ಟೆ. ಒಂದೂವರೆ ನಿಮಿಷದ ಕೆಲಸ. ಇನ್ನು ಯಾರು ತೆಗೆದು ನೋಡಿದರೂ ಯಂತ್ರ ಸರಿ, ನಾನೂ ಸರಿ.

ಮಾರ್ಚ್ 28, ಶುಕ್ರವಾರ

ವಿಚಾರಣೆ. ಮ್ಯಾನೇಜರ್ ಯಂತ್ರವನ್ನು ಮೇಜಿನ ಮೇಲಿಟ್ಟು ಹೆಸರು ಒತ್ತಿದ. ಡಿಪೋದ ಹತ್ತಿರ ಎಡಕ್ಕೆ ಎಂದೇ ತೋರಿಸಿತು.

"ಬಲಕ್ಕೆ ಅಂತು ಸರ್. ಅದು ಹೇಳಿದ ಹಾಗೇ ಹೋದೆ," ಅಂದ ಇಸ್ತ್ರಿ. ದನಿ ಏರಿಸಲಿಲ್ಲ.

ಮ್ಯಾನೇಜರ್ ಸಿಸ್ಟರ್ ಕಡೆ ತಿರುಗಿದ.

"ನಂಗೂ ಬಲಕ್ಕೆ ಅಂದ ಹಾಗೇ ನೆನಪು. ಆದ್ರೆ ಚೀಟಿ ಅಂಟಿಸ್ತಿದ್ದೆ... ಸರಿಯಾಗಿ ಕೇಳಿಸ್ಕೊಂಡಿಲ್ವೇನೋ." ಆಮೇಲೆ ನನ್ನ ಕಡೆ ಕೈ ತೋರಿಸಿದರು. "ಮನೆಗಳನ್ನೆಲ್ಲ ಇವರೇ ಕೂತು ಸರಿ ಮಾಡಿದ್ದು ಸರ್. ಇವರ ಕೆಲಸದಲ್ಲಿ ತಪ್ಪಿರಲ್ಲ."

ನಾನು ನೆಲ ನೋಡುತ್ತ ನಿಂತಿದ್ದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಏಪ್ರಿಲ್ 2, ಬುಧವಾರ. ಬೆಳಿಗ್ಗೆ 7.20

ಮೊದಲನೇ ವ್ಯಾನಿಗೆ ವಾಪಸ್ಸು. ಅನುಭವಕ್ಕೆ ಬೆಲೆ ಕಟ್ಟಲಾಗದು ಎಂದು ಮ್ಯಾನೇಜರ್ ಭಾಷಣ ಮಾಡಿದ. ಇಸ್ತ್ರಿಯ ಕೆಲಸಕ್ಕೆ ಶುಕ್ರವಾರ ಹತ್ತು ಗಂಟೆಗೆ ಕೊನೆ. ಕೆಲಸ ಬಿಡುವ ಕಾಗದಕ್ಕೆ ಸಹಿ ಹಾಕಿ ಹೋಗಬೇಕು.

ಸಿಸ್ಟರ್ ಹತ್ತಿ ಕೂತರು. ಯಂತ್ರವನ್ನು ತಾವೇ ಆಫ್ ಮಾಡಿದರು. "ಅವತ್ತು ನಿಮಗೆ ಫೋನ್ ಮಾಡಿದ್ದೆ. ಎರಡು ಸಲ."

"ಬಚ್ಚಲಲ್ಲಿದ್ದೆ," ಅಂದೆ.

"ಹೌದಾ. ನೀವು ಎತ್ತಿದ್ರೆ ಅವರು ಬೀಳ್ತಿರ್ಲಿಲ್ಲ ಅಂತ ಅನ್ಕೊಳ್ತಾ ಇದ್ದೆ. ಹಂಗೆಲ್ಲ ಅನ್ಕೋಬಾರ್ದು. ನಿಮ್ಮದೇನು ತಪ್ಪು." ತಲೆ ಬಗ್ಗಿಸಿ ಚೀಟಿ ತೆಗೆದರು. "ಮುಂದೆ ಯಾರ ಮನೆ?"

ನನಗೆ ಹೆಸರು ನೆನಪಾಗಲಿಲ್ಲ. ನಿಜವಾಗಿಯೂ.

ಏಪ್ರಿಲ್ 3, ಗುರುವಾರ

ಇಸ್ತ್ರಿ ಅಂಗಳದಲ್ಲಿ ಹಿಡಿದು ನಿಲ್ಲಿಸಿದ. ಅಂಗಿ ಎಂದಿನಂತೆ ಗರಿಗರಿ. ಜಗಳಕ್ಕೆ ಬಂದ ಎಂದುಕೊಂಡೆ, ಬಂದಿದ್ದರೆ ಒಳ್ಳೆಯದಿತ್ತು.

"ಆ ದಾರಿ ಒಂದ್ಸಲ ತೋರಿಸ್ತೀರಾ? ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ಬೇಕು. ಇಪ್ಪತ್ತು ವರ್ಷ ಗಾಡಿ ಓಡ್ಸಿದೀನಿ, ಎಡ ಬಲ ಗೊತ್ತಾಗ್ದೆ ಇರೋನಲ್ಲ. ಈಗ ಸ್ಟೇರಿಂಗ್ ಹಿಡಿಯೋಕೇ ಭಯ ಆಗ್ತಿದೆ."

ಕೆಲಸ ಇದೆ ಅಂದೆ. ಕೆಲಸವಿರಲಿಲ್ಲ.

ಏಪ್ರಿಲ್ 4, ಶುಕ್ರವಾರ. ಬೆಳಿಗ್ಗೆ 8.50

ಎಂಟನೇ ಮನೆ. ಸಿಸ್ಟರ್ ಒಳಗಿದ್ದಾರೆ. ಹತ್ತು ಗಂಟೆಗೆ ಅವನ ಸಹಿ.

ಮೊದಲನೇ ಮನೆಯಿಂದ ಹೇಳಬೇಕು ಎಂದುಕೊಳ್ಳುತ್ತಿದ್ದೇನೆ. ಬಾಯಿ ತೆರೆದರೆ ಬರೀ ಕೆಮ್ಮು. ಮಾತ್ರೆ ತೆಗೆದುಕೊಳ್ಳಿ ಅಂದರು. ಐದನೇ ಮನೆಯ ನಂತರ ಟೀ ಬಗ್ಗಿಸಿ ಕೊಟ್ಟೆ. ಅವರು ಹೊರಗೆ ನೋಡುತ್ತ, "ಅವರನ್ನ ಸುಳ್ಳುಗಾರ ಅನ್ನೋಕೆ ಮನಸ್ಸು ಬರ್ತಿಲ್ಲ ನಂಗೆ. ನನ್ನ ಕಿವಿನೇ ಸರಿ ಇಲ್ವೇನೋ, ತೋರಿಸ್ಕೋಬೇಕು," ಅಂದರು. ಆಗಲೂ ನಾನು ಲೋಟ ತೊಳೆದಿಟ್ಟು ಗಾಡಿ ಹೊರಡಿಸಿದೆ.

ಹೇಳಿದರೆ ಈ ಸೀಟು ಹೋಗುತ್ತದೆ. ಕೆಲಸ ಹೋಗುವುದು ಬೇರೆ. ಅವರು ಇನ್ನು ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ದಿನಾ ನೋಡುತ್ತಾರೆ, ಇದೇ ನಂಬಿಕೆಯಿಂದ. ಅದು ಎರಡೇ ದಿನಕ್ಕೆ ಸಾಕಾಗಿದೆ.

ಬಾಯಲ್ಲಿ ಆಗುವುದಿಲ್ಲ. ಈ ಡೈರಿಯನ್ನೇ ಅವರ ಸೀಟಿನ ಮೇಲೆ ಇಟ್ಟು, ಐಸ್ ಬಾಕ್ಸ್ ನೋಡುವ ನೆಪದಲ್ಲಿ ಹಿಂದಕ್ಕೆ ಹೋಗುತ್ತೇನೆ. ಹತ್ತಕ್ಕೆ ಮುಂಚೆ ಲ್ಯಾಬ್ ಮುಟ್ಟಬಹುದು, ಮಾರ್ಕೆಟ್ ರಸ್ತೆಯಲ್ಲಿ ಹೋದರೆ.

ಒಳಗೆ ಚಪ್ಪಲಿ ಹಾಕಿಕೊಳ್ಳುವ ಸದ್ದು.

ಸಿಸ್ಟರ್, ಮಾರ್ಚ್ ಹದಿನಾರರ ಪುಟ ಓದಿ. ಆಮೇಲೆ ಇಪ್ಪತ್ತಾರರದು. ಇಸ್ತ್ರಿ ಎಂದರೆ ಅವರೇ. ನಡುವೆ ಇಪ್ಪತ್ತೆರಡು ಅಂತ ಒಂದು ಪುಟ ಇದೆ, ಅದನ್ನು ಮಾತ್ರ ದಯವಿಟ್ಟು