ಚಮಚದ ಮೇಲಿನ ಗುಡ್ಡ

ಏನ್ರೀ,

ನಿಮ್ಮ ಸ್ನಾನ ಮುಗಿಯುವವರೆಗೆ ಕಾಖಂಡಕಿ ಬಸ್ಸು ನಿಲ್ಲುವುದಿಲ್ಲ, ನಾನು ಹೊರಟೆ. ಸೊಸೆ ಹತ್ತಕ್ಕೆ ಟಿಕೋಟಾ ಸಾಲಿಗೆ ಪಾಠ ಹೇಳಲು ಹೋಗುತ್ತಾಳೆ. ಆಮೇಲೆ ಸಂಜೆವರೆಗೆ ಮೊಮ್ಮಗಳು ನಿಮ್ಮ ಕೈಯಲ್ಲಿ.

ಮೂರು ದಿನ ಕೂಸಿಗೆ ಸಂಡಾಸ ಆಗಲಿಲ್ಲವೆಂದು ಸಿದ್ಧೇಶ್ವರನಿಗೆ ಕಾಯಿ ಒಡೆಸಿದಿರಲ್ಲ, ಆ ತಪ್ಪು ನಿಮ್ಮದೇ. ನಿನ್ನೆ ಕಣ್ಣಾರೆ ಕಂಡೆ. ಹಾಲಿನ ಪುಡಿಯನ್ನು ಚಮಚದ ಮೇಲೆ ಗುಡ್ಡ ಮಾಡಿ, “ಕುಡೀಲಿ ಬಿಡ, ಪೈಲವಾನ ಆಗ್ತಾಳ” ಎಂದು ಬಾಟಲಿಗೆ ಸುರಿಯುತ್ತಿದ್ದಿರಿ. ಡಾಕ್ಟರಮ್ಮನನ್ನು ಕೇಳಿದೆ. “ಪುಡಿ ಹೆಚ್ಚಾದ್ರ ತಾಕತ್ತ ಬರಂಗಿಲ್ಲಬೇ ಯವ್ವಾ, ಮಲ ಕಟ್ಟತೈತಿ, ಮೈಯಾಗಿನ ನೀರು ಕಡಿಮಿ ಆಗತೈತಿ” ಅಂದಳು.

ಬಾಟಲಿ ಕುದಿಸಿ ಇಟ್ಟಿದ್ದೇನೆ. ಕುದಿಸಿದ ನೀರು ತುಸು ಆರಿದ ಮೇಲೆ ನೂರಾ ಇಪ್ಪತ್ತರ ಗೆರೆವರೆಗೆ ಮೊದಲು ಹಾಕಿರಿ. ಆಮೇಲೆ ಪುಡಿ ಡಬ್ಬಿಯೊಳಗಿನ ಚಮಚದಿಂದಲೇ ನಾಲ್ಕು ಚಮಚ ಪುಡಿ, ಚಾಕುವಿನ ಬೆನ್ನಿನಿಂದ ಸಪಾಟ ಮಾಡಿದ್ದು. ಮುಂಗೈ ಮೇಲೆ ಹನಿ ಬಿಟ್ಟು ಬಿಸಿ ನೋಡಿರಿ, ಚಪ್ಪರಿಸಿ ನೋಡಬೇಡಿರಿ. ಕೂಸು ಕುಡಿದು ಉಳಿದದ್ದನ್ನು ಚೆಲ್ಲಿರಿ. ಮೊನ್ನೆ ಅದನ್ನು ನನ್ನ ಚಹಾಕ್ಕೆ ಹಾಕಿದ್ದು ಬಾಯಿಗಿಟ್ಟ ಕೂಡಲೇ ತಿಳಿಯಿತು.

ನಲವತ್ತು ವರ್ಷ ಜೋಳದ ಅಂಗಡಿಯಲ್ಲಿ ಸೇರಿನ ಮೇಲೆ ಪಟ್ಟಿ ಎಳೆದು ಸಪಾಟ ಅಳೆದು ಕೊಟ್ಟವರು ನೀವು. ನನ್ನ ಸ್ವಂತ ಅಣ್ಣ ಬಂದರೂ ಒಂದು ಕಾಳು ಹೆಚ್ಚಿಗೆ ಬೀಳಲಿಲ್ಲ. ಆ ಕೈ ಮೊಮ್ಮಗಳ ಮುಂದೆ ಮಾತ್ರ ಹೀಗೆ ಸಡಿಲಾದದ್ದು ನೋಡಿ ನನಗೂ ಸಂತೋಷವೇ. ಆದರೆ ಇವತ್ತೊಂದು ದಿನ ಅವಳನ್ನು ಗಿರಾಕಿ ಅಂತಲೇ ತಿಳಿಯಿರಿ.

ಮುರಿಗೆವ್ವ